ತೆಗೆದ ಕಲೆ

ಅಮ್ಮ ಲಾಂಡ್ರಿಯಲ್ಲಿ ಬಟ್ಟೆಯ ಕಲೆ ತೆಗೆಯುತ್ತಿದ್ದಳು. ಕಿರಿಮಗಳು ಫೋಟೊ ಸ್ಟುಡಿಯೋದಲ್ಲಿ ಮುಖದ ಕಲೆ ತೆಗೆಯುತ್ತಿದ್ದಳು. “ನಮ್ಮದು ಕಲೆ ತೆಗೆಯೋ ವಂಶ ಕಣೇ. ನಿಮ್ಮಕ್ಕ ಒಬ್ಬಳು ಮಾತ್ರ ಮೈಮೇಲೆಲ್ಲಾ ಚೆಲ್ಕೊಂಡು ಬರೋಳು,” ಎಂದು ಅಮ್ಮ ನಗುತ್ತಿದ್ದಳು. ನಕ್ಕರೆ ಕೆಮ್ಮು ಒತ್ತರಿಸಿಕೊಂಡು ಬರುತ್ತಿತ್ತು. ಆ ಕೆಮ್ಮೇ ಅವಳನ್ನು ಸ್ಕ್ಯಾನಿನವರೆಗೆ ಎಳೆದುಕೊಂಡು ಹೋಯಿತು.

ಸ್ಕ್ಯಾನಿನ ಸಿ.ಡಿ. ಹಿಡಿದು ಅಕ್ಕ ಆಸ್ಪತ್ರೆಯಿಂದ ನೇರ ಸ್ಟುಡಿಯೋಗೆ ಬಂದಳು. ಮಾಲೀಕ ಊಟಕ್ಕೆ ಹೋಗಿದ್ದ.

“ಶ್ವಾಸಕೋಶದಲ್ಲಿ ಗಂಟು ಇದೆಯಂತೆ. ಕೆಟ್ಟದ್ದೇ. ಇನ್ನೂ ಚಿಕ್ಕದು, ಬೇಗ ಆಪರೇಷನ್ ಮಾಡಿ ತೆಗೆದರೆ ಉಳೀತಾಳಂತೆ. ಜ್ವರ ಬಿಟ್ಟು ಸ್ವಲ್ಪ ಮೈ ಹಿಡೀಲಿ, ಆಮೇಲೆ ಕರ್ಕೊಂಡು ಬನ್ನಿ ಅಂದ್ರು ಡಾಕ್ಟರು.”

“ಅಮ್ಮಂಗೆ ಹೇಳಿದೆಯಾ?”

“ಹೇಳಿದ್ರೆ ಊಟ ಬಿಡ್ತಾಳೆ. ಅಪ್ಪ ಹೋದಾಗ ನೋಡಿಲ್ವಾ? ಆದ್ರೆ ಫೋಟೊ ತೋರ್ಸು ಫೋಟೊ ತೋರ್ಸು ಅಂತ ಪ್ರಾಣ ತಿಂತಿದಾಳೆ. ನೀನು ಆ ಗಂಟೊಂದನ್ನ ಅಳಿಸಿ ಪ್ರಿಂಟ್ ತೆಗೆದುಕೊಡು. ಅವಳು ಚೇತರಿಸಿಕೊಳ್ಳೋವರೆಗೆ ಸಾಕು. ಆಮೇಲೆ ನಾನೇ ನಿಜ ಹೇಳ್ತೀನಿ.”

“ಇದೇನು ಮೊಡವೆಯೇನೇ ಅಕ್ಕಾ?”

“ಮೊಡವೆ ಅಂತಾನೇ ಅಂದ್ಕೋ.”

ಕಿರಿಯಳಿಗೆ ಅಜ್ಜಿಯ ಕಥೆಯೊಂದು ನೆನಪಾಯಿತು. ಅದರಲ್ಲಿನ ರಾಕ್ಷಸ ಹೆಸರು ಹಿಡಿದು ಕರೆದರೆ ಮಾತ್ರ ಒಳಗೆ ಬರುತ್ತಿದ್ದ. ಕರೆಯದಿದ್ದರೆ ಹೊಸ್ತಿಲಾಚೆ ನಿಂತು ಕಾಯುತ್ತಿದ್ದ. ಕಾದು ಕಾದು ಅವನು ಏನಾದ ಎಂದು ಅಜ್ಜಿ ಹೇಳಿರಲಿಲ್ಲ. ಅಷ್ಟರಲ್ಲಿ ನಿದ್ದೆ ಬಂದಿರುತ್ತಿತ್ತು.

ಸಿ.ಡಿ. ಹಾಕಿದಾಗ ಪರದೆಯ ಮೇಲೆ ಒಂದೇ ಹಾಳೆಯಲ್ಲಿ ಅಮ್ಮನ ಎದೆಯ ಹೋಳುಗಳು ಸಾಲುಸಾಲಾಗಿ ತೆರೆದುಕೊಂಡವು. ಪ್ರತಿಯೊಂದರಲ್ಲೂ ಎರಡು ಕಪ್ಪು ಕೊಳಗಳು. ನೀರಿನಲ್ಲಿ ಎಲೆ ಉದುರಿದ ಮರದ ನೆರಳಿನ ಹಾಗೆ ಬಿಳಿ ರೆಂಬೆಗಳು. ಬಲಗಡೆಯ ಶ್ವಾಸಕೋಶ ಚಿತ್ರದಲ್ಲಿ ಎಡಕ್ಕೆ ಕಾಣುತ್ತದೆಂದು ಅಕ್ಕ ಬೆರಳಿಟ್ಟು ತೋರಿಸಿದಳು. ಕೊಳದ ಅಂಚಿನಲ್ಲಿ ಬಟಾಣಿ ಕಾಳಿನಂತೆ ಅದು ಕೂತಿತ್ತು. ಕೆಳಗಿನ ಹೋಳಿನಲ್ಲೂ ಇತ್ತು, ಅದರ ಕೆಳಗಿನದರಲ್ಲೂ.

ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಕಲೆ ತೆಗೆಯುವ ಬ್ರಷ್ಷಿಗೆ ಗಾಯಕ್ಕೆ ಹಚ್ಚುವ ಪಟ್ಟಿಯ ಗುರುತು. ಅದನ್ನು ಒತ್ತಿ, ಪಕ್ಕದ ಕಪ್ಪನ್ನು ಎತ್ತಿಕೊಂಡು, ಕಾಳಿನ ಮೇಲೆ ಸವರಿದಳು. ಅಳಿಸಿದ ಜಾಗ ಮೊದಲು ಅತಿ ನುಣುಪಾಯಿತು, ಸುಳ್ಳೆಂದು ಯಾರಿಗಾದರೂ ತಿಳಿಯುವಷ್ಟು. ಅಲ್ಲಿಗೆ ಸುತ್ತಲಿನಂಥದೇ ಸಣ್ಣ ಮರಳು ಮರಳು ಚುಕ್ಕೆ ಉದುರಿಸಿ, ಒಂದು ತೆಳು ರೆಂಬೆಯನ್ನು ಮುಂದಕ್ಕೆ ಎಳೆದಳು. ಎಲ್ಲ ಹೋಳುಗಳಲ್ಲೂ ಹಾಗೇ. ಕೊನೆಗೆ ಅವಳಿಗೇ ಜಾಗ ಹುಡುಕಲಾಗಲಿಲ್ಲ. ಒಂದು ಗಳಿಗೆ ಅಮ್ಮ ನಿಜವಾಗಿಯೂ ವಾಸಿಯಾದಳು.

ಪ್ರಿಂಟನ್ನು ಅಮ್ಮ ಕಿಟಕಿಯ ಬೆಳಕಿಗೆ ಹಿಡಿದು, ಬಿಳಿ ಷರಟು ನೋಡುವ ಹಾಗೆ ಮೂಲೆ ಮೂಲೆ ನೋಡಿದಳು. “ಚೊಕ್ಕಟವಾಗಿದೆ! ಸುಮ್ನೆ ಹೆದರಿಸಿದ್ರಲ್ರೇ ನನ್ನ,” ಎಂದು ಅವತ್ತು ಎರಡು ಸಲ ಬಡಿಸಿಕೊಂಡು ಉಂಡಳು. ಜ್ವರ ಬಿಟ್ಟಿತು. ಕೆನ್ನೆ ತುಂಬಿಕೊಂಡಿತು. ಅಕ್ಕನ ಲೆಕ್ಕ ಅಲ್ಲಿಯವರೆಗೆ ಸರಿಯಾಗಿತ್ತು.

ಆಮೇಲೆ ಅಕ್ಕ ನಿಜ ಹೇಳಿ, ಅಸಲು ಪ್ರಿಂಟನ್ನು ಮುಂದಿಟ್ಟಳು. ಅಮ್ಮ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ಕಿರಿಯಳತ್ತ ತಿರುಗಿದಳು.

“ಇದನ್ನೂ ನೀನೇ ಮಾಡಿದ್ದಾ?”

“ಇಲ್ಲಮ್ಮಾ, ಇದು ನಿಜವಾದ್ದು. ನಾನು ಅಳಿಸಿದ್ದು ಅದು.”

“ಅಳಿಸೋಕೆ ಬರೋಳಿಗೆ ಬರೆಯೋಕೆ ಬರಲ್ವಾ? ಲಾಂಡ್ರಿ ಬಿಡು, ಮನೇಲಿ ಕೂತ್ಕೋ ಅಂತ ನಿಮ್ಮಕ್ಕ ಎಷ್ಟು ದಿನದಿಂದ ಬಡ್ಕೊಳ್ತಿದಾಳೆ. ಈಗ ಇದೊಂದು ನಾಟಕ.” ಅಸಲನ್ನು ಮಂಚದ ಮೇಲೆ ಎಸೆದಳು. “ತೆಗೆದ ಕಲೇನ ಯಾರಾದ್ರೂ ಮತ್ತೆ ತಂದು ಹಚ್ತಾರೇನೇ?”

ಕೈಕಾಲು ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ತಮ್ಮ ಪರದೆ ತಿರುಗಿಸಿ, “ನೋಡಿಮ್ಮಾ, ಇಲ್ಲಿದೆ,” ಎಂದು ಪೆನ್ನಿನ ತುದಿಯಲ್ಲಿ ತೋರಿಸಿದರು. ಅಮ್ಮ ಕಿರಿಮಗಳ ಕಿವಿಗೆ ಬಾಗಿ, “ಇವರ ಕಂಪ್ಯೂಟರಲ್ಲೂ ಆ ನಿನ್ನ ಬ್ರಷ್ ಇದೆಯಾ?” ಎಂದು ಕೇಳಿದಳು. ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಲಿಲ್ಲ. ಅಕ್ಕ ಅತ್ತಳು, ರೇಗಿದಳು, ಮಾತು ಬಿಟ್ಟಳು. ಕಿರಿಯಳು ಅಮ್ಮನನ್ನು ಸ್ಟುಡಿಯೋದಲ್ಲಿ ಕೂರಿಸಿ ತಾನು ಅಳಿಸಿದ ಬಗೆಯನ್ನೇ ಮಾಡಿ ತೋರಿಸಿದಳು. ಪರದೆಯ ಮೇಲೆ ಕಾಳು ಮಾಯವಾಯಿತು, ಮತ್ತೆ ಬಂತು, ಮತ್ತೆ ಮಾಯವಾಯಿತು. ಅಮ್ಮ ಕಣ್ಣರಳಿಸಿ, “ಅಬ್ಬಾ, ಏನು ಕೈಯೇ ನಿಂದು!” ಎಂದಳು, ಅಷ್ಟೇ.

ಅಮ್ಮ ಲಾಂಡ್ರಿಗೆ ಹೋಗುವುದನ್ನು ಮುಂದುವರಿಸಿದಳು. ತಿಂಗಳುಗಳು ಕಳೆದವು. ಅಮ್ಮ ಅಂಟಿಸಿದ್ದ ಚೊಕ್ಕ ಪ್ರಿಂಟು ಕಿಟಕಿಯ ಗಾಜಿನ ಮೇಲೆಯೇ ಇತ್ತು. ಬಿಸಿಲು ಅದರೊಳಗಿಂದ ಹಾದು ಗೋಡೆಯ ಮೇಲೆ ಕಂದು ಬೆಳಕು ಚೆಲ್ಲುತ್ತಿತ್ತು. ಕೆಮ್ಮು ಹೆಚ್ಚಿತು. ತುಂಬಿಕೊಂಡಿದ್ದ ಕೆನ್ನೆ ಮತ್ತೆ ಇಳಿಯಿತು. ಕೇಳಿದರೆ, “ಲಾಂಡ್ರಿ ಆವಿ ಹೊಡೆತ ಕಣೇ,” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಸ್ಟುಡಿಯೋ ಬೇಗ ಮುಚ್ಚಿತು. ಕಿರಿಯಳು ಮನೆಗೆ ಬಂದಾಗ ಹಿತ್ತಲ ಹಗ್ಗದ ಮೇಲೆ ಮನೆಯ ಟವೆಲ್ಲುಗಳೆಲ್ಲ ಒದ್ದೆಯಾಗಿ ತೂಗುತ್ತಿದ್ದವು, ಹೊಸದಾಗಿ ಕೊಂಡು ತಂದಷ್ಟು ಬೆಳ್ಳಗೆ. ಅಮ್ಮ ನಲ್ಲಿಯ ಕೆಳಗೆ ಕೂತು ಕೊನೆಯದನ್ನು ತಣ್ಣೀರಿನಲ್ಲಿ ಅದ್ದಿ ಉಜ್ಜುತ್ತಿದ್ದಳು. ರಕ್ತಕ್ಕೆ ಬಿಸಿನೀರು ತಾಗಿಸಬಾರದು, ಕಲೆ ಕಚ್ಚಿಕೊಂಡುಬಿಡುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ಅವಳೇ. ಬಕೆಟ್ಟಿನ ನೀರು ತಿಳಿಗೆಂಪಾಗಿತ್ತು.

“ಏನಮ್ಮಾ ಅದು?”

ಅಮ್ಮ ಬೆಚ್ಚಿ, ಮಗಳು ಹತ್ತಿರ ಬರುವ ಮೊದಲೇ ಬಕೆಟ್ಟನ್ನು ಬಚ್ಚಲಿಗೆ ಬಗ್ಗಿಸಿದಳು.

“ಏನಿಲ್ಲ ಕಣೇ. ಕಲೆ,” ಎಂದಳು. ಟವೆಲ್ಲನ್ನು ಬಿಡಿಸಿ ಬೆಳಕಿಗೆ ಹಿಡಿದು ಮೂಲೆ ಮೂಲೆ ನೋಡಿದಳು. “ಹೋಯ್ತು.”