ಪುಟ್ಟತಾಯಮ್ಮ ಮಣ್ಣು ಮೆತ್ತಿದ ಜಾಡಿ

ಸಿಂಧಘಟ್ಟದ ಪುಟ್ಟತಾಯಮ್ಮನ ಮನೆಯಲ್ಲಿ ಅಂದು ಬೆಳಿಗ್ಗೆ ಹೆಂಡದ ವಾಸನೆ. ಬೇರೆಯವರ ಮನೆಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈಕೆ ಮಹಿಳಾ ಸಂಘದ ಅಧ್ಯಕ್ಷೆ, ಪೊರಕೆ ಹಿಡಿದು ಧರಣಿ ಕೂತು ಊರಿನ ಹೆಂಡದಂಗಡಿ ಮುಚ್ಚಿಸಿದವಳು.

ವಾಸನೆ ಬರುತ್ತಿದ್ದುದು ಅಡುಗೆಮನೆ ಮೂಲೆಯ ಜಾಡಿಯಿಂದ. ಸಂಘದ ಉಪ್ಪಿನಕಾಯಿಗೆ ವಿನೆಗರ್ ಬೇಕೆಂದು ಸೊಸೆ ಅನು ಹದಿನೈದು ದಿನದ ಹಿಂದೆ ಅದರಲ್ಲಿ ಕಬ್ಬಿನ ಹಾಲು ತುಂಬಿಟ್ಟಿದ್ದಳು. ಬಾಯಿಗೆ ಮೆತ್ತಿದ್ದ ಮಣ್ಣು ಈಗ ಬಿರಿದಿತ್ತು.

ಪುಟ್ಟತಾಯಮ್ಮನ ಕಣ್ಣು ನೇರವಾಗಿ ಮಗ ಚಲುವರಾಜುವಿನ ಮೇಲೆ ಬಿತ್ತು. ಅವನು ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು.

“ನೀನೇ ಕಣ್ಲಾ ಇದ್ಕೆ ಏನೋ ಉಯ್ದಿರೋನು. ಬಾಟ್ಲು ಎಲ್ಲಿ ಮಡಗಿದ್ದೀಯ?”

“ನಾನು ಮುಟ್ಟಿಲ್ಲ ಕಣವ್ವ.”

“ಮುಟ್ದೆ ಇದ್ರೆ ಕಬ್ಬಿನಾಲು ಇಂಗೆ ನಾರ್ತದಾ? ನಾಯಿ ಬಾಲ ಡೊಂಕೇಯ.”

ಚಲುವರಾಜು ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟ. ಗಂಡನ ಮುಖ ನೋಡಿ ಅನುವಿಗೆ ಒಂದೇ ಯೋಚನೆ. ಬಿಟ್ಟರೂ ನಂಬುವವರಿಲ್ಲ ಎಂದು ಇವನು ಮತ್ತೆ ಕುಡಿಯತೊಡಗಿದರೆ ಗತಿಯೇನು?

ಅವಳು ಹೈಸ್ಕೂಲಿನ ವಿಜ್ಞಾನ ಮೇಡಂ ಅಪರ್ಣಳಿಗೆ ಫೋನ್ ಮಾಡಿದಳು. ಅಪರ್ಣ ಶ್ರೀರಂಗಪಟ್ಟಣದ ಅರ್ಚಕರ ಮನೆ ಮಗಳು. ಮೂಗು ಮುಚ್ಚಿಕೊಳ್ಳುತ್ತಾಳೆ ಎಂದುಕೊಂಡರೆ, ಬಂದವಳೇ ಜಾಡಿಯ ಹತ್ತಿರ ಮೂಗು ತಂದು ಮೂಸಿ ನೋಡಿದಳು.

“ಅಮ್ಮಾ, ಮಣ್ಣು ಮೆತ್ತಿದ್ದು ಯಾರು?”

“ನಾನೇಯ. ಇವ್ಳು ತೆಳ್ಳನೆ ಬಟ್ಟೆ ಕಟ್ಟಿದ್ಲು. ನೆಲದೊಳ್ಗೆ ರಾಗಿ ತುಂಬ್ಸಿದ ಹಗೇವ ಅಂಗೆ ಬುಡ್ತೀವಾ? ಗಾಳಿ ಆಡ್ದಂಗೆ ಮೆತ್ತಿದ್ರೆ ತಾನೆ ಕೆಡ್ದೆ ಇರೋದು.”

“ರಾಗಿಗೆ ಅದು ಸರಿ. ಇದಕ್ಕೆ ಗಾಳಿನೇ ಬೇಕು. ಕಬ್ಬಿನ ಹಾಲಿನ ಸಕ್ಕರೆ ಹುದುಗಿ ಮೊದಲು ಆಲ್ಕೋಹಾಲ್ ಆಗುತ್ತೆ, ಯಾರೂ ಏನೂ ಸುರೀಬೇಕಾಗಿಲ್ಲ. ಆಮೇಲೆ ಸೂಕ್ಷ್ಮಜೀವಿಗಳು ಗಾಳಿಯ ಆಮ್ಲಜನಕ ತಗೊಂಡು ಅದನ್ನ ಅಸಿಟಾಲ್ಡಿಹೈಡ್ ಅನ್ನೋ ವಸ್ತು ಮಾಡ್ತವೆ, ಅಲ್ಲಿಂದ ಅಸಿಟಿಕ್ ಆಮ್ಲ. ಅದೇ ವಿನೆಗರಿನ ಹುಳಿ. ಇದಕ್ಕೆ ಉತ್ಕರ್ಷಣ ಅಂತಾರೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುತ್ತಲ್ಲ, ಅದೂ ಗಾಳಿಯದೇ ಕೆಲಸ. ನೀವು ಗಾಳಿ ಕಟ್ಟಿಬಿಟ್ರಿ, ಇದು ಅರ್ಧ ದಾರೀಲಿ ನಿಂತಿದೆ.”

“ಅಂಗಾರೆ ಹೆಂಡ ಮಾಡಿದ್ದು ನಾನಾ?”

“ಹೌದು, ಅಧ್ಯಕ್ಷರೇ.”

ಅನು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಪುಟ್ಟತಾಯಮ್ಮ ಅಷ್ಟು ಸುಲಭಕ್ಕೆ ಸೋಲುವವಳಲ್ಲ. “ಹುಳಿ ಬರ್ಲಿ, ಆಗ ನಂಬ್ತೀನಿ. ಬರ್ದಿದ್ರೆ ಜಾಡಿ ಚರಂಡಿಗೆ” ಎಂದಳು.

ಅಪರ್ಣ ತನ್ನ ಮನೆಯ ಹಳೆಯ ವಿನೆಗರ್ ಒಂದು ಸೀಸೆ ತಂದು, ಹಾಲಿಗೆ ಹೆಪ್ಪು ಹಾಕುವಂತೆ ಬೆರೆಸಿದಳು. ಅನು ಬಾಯಿಗೆ ತೆಳುಬಟ್ಟೆ ಕಟ್ಟಿ ಜಾಡಿಯನ್ನು ಜಗುಲಿಯ ನೆರಳಿನಲ್ಲಿಟ್ಟಳು. ಪುಟ್ಟತಾಯಮ್ಮ ಪಕ್ಕದಲ್ಲೇ ಚಾಪೆ ಹಾಸಿ ಮಗ ಜಾಡಿ ಮುಟ್ಟದಂತೆ ಕಾಯುತ್ತಾ ಕೂತಳು. ಕಾಳು ಆರಿಸುವುದೂ ಅಲ್ಲೇ, ಎಲೆ ಅಡಿಕೆಯೂ ಅಲ್ಲೇ.

ಚಲುವರಾಜು ಆ ಕಡೆ ತಿರುಗಿಯೂ ನೋಡಲಿಲ್ಲ. ವಾರ ಕಳೆದಂತೆ ಹೆಂಡದ ವಾಸನೆ ಇಳಿದು ಹುಳಿ ವಾಸನೆ ಏರಿತು. ಆರು ವಾರಕ್ಕೆ ಪುಟ್ಟತಾಯಮ್ಮ ಒಂದು ಬೆರಳು ಅದ್ದಿ ನೆಕ್ಕಿದಳು. ಇಂಗು ತಿಂದ ಮಂಗನ ಹಾಗಾಯಿತು ಮುಖ. ಆಮೇಲೆ ಕಣ್ಣು ತುಂಬಿ ಬಂತು. ಅದು ಹುಳಿಗೆ ಮಾತ್ರ ಬಂದ ನೀರಲ್ಲ.

“ಲೇ ಚಲುವ, ಬಾ ಇಲ್ಲಿ. ತಪ್ಪು ನಂದು ಕಣ್ಲಾ.”

ಚಲುವರಾಜು ಕೈ ಒರೆಸಿಕೊಳ್ಳುತ್ತಾ ಕೊಟ್ಟಿಗೆಯಿಂದ ಬಂದ.

“ಇದ್ರಲ್ಲಿ ಸಂಘದ ಉಪ್ಪಿನಕಾಯಿ ಆದ್ಮೇಲೆ ಸಂತೆಬಾಚಳ್ಳಿ ಸಂತೇಲಿ ಮಾರಕೆ ನೀನೇ ಕೂತ್ಕೊ. ಯಾರಾರ ಕೇಳಿದ್ರೆ, ಹೆಂಡ ಮಾಡಿದ್ದು ನಮ್ಮವ್ವ, ನಾನಲ್ಲ ಅನ್ನು.”

ಕುಡಿತ ಬಿಟ್ಟ ಈ ಹನ್ನೆರಡು ತಿಂಗಳಲ್ಲಿ ಚಲುವರಾಜು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.

ಅಕ್ಕಂದಿರೇ, ನೀವೂ ವಿನೆಗರ್ ಇಡುವುದಾದರೆ ಗಾಜಿನ ಅಥವಾ ಪಿಂಗಾಣಿಯ ಜಾಡಿ ಬಳಸಿ. ಅಲ್ಯೂಮಿನಿಯಂ, ತಾಮ್ರ ಬೇಡ, ಹುಳಿ ಅವನ್ನು ತಿನ್ನುತ್ತದೆ. ಬಾಯಿಗೆ ತೆಳುಬಟ್ಟೆ ಕಟ್ಟಿ, ಗಾಳಿಯಾಡಲಿ. ಮಾರುವ ಮುಂಚೆ ಪರೀಕ್ಷೆ ಮಾಡಿಸಿ. ಇನ್ನು, ಕುಡಿತ ಬಿಟ್ಟವರು ಮನೆಯಲ್ಲಿದ್ದರೆ, ವಾಸನೆ ಬಂತೆಂದು ಅವರ ಮೇಲೆ ಎಗರಬೇಡಿ. ಮೊದಲು ಜಾಡಿಯ ಬಾಯಿ ನೋಡಿ.