ಸಂಡಿಗೆ ಹಾಕಿದ ದಿನ

"ಎಲ್ಲಿ, ಈಗ ಸೆಲ್ಫ್ ಹೊಡೀರಿ ನೋಡಣ," ಎಂದ ಮೆಕ್ಯಾನಿಕ್ ನಿಂಗರಾಜ್. ವಾಮದೇವಪ್ಪ ಕೀ ತಿರುಗಿಸಿದರು. ಹದಿನಾಲ್ಕು ವರ್ಷದ ಬಿಳಿ ಡೀಸೆಲ್ ಕಾರು ಒಂದೇ ಏಟಿಗೆ ಗುರ್ರೆಂದಿತು. ಗುತ್ತೂರಿನ ಈ ಗ್ಯಾರೇಜಿನಲ್ಲಿ ಅದು ಅವರ ಮಾನ ಕಳೆದದ್ದು ಇದು ಮೂರನೆಯ ಸಲ.

"ಮುಂಜಾನೆ ಹತ್ತು ಸಲ ಹೊಡೆದ ಮ್ಯಾಲೆ ಬಂತಪ್ಪ, ನಿನ್ನಾಣೆ!"

"ನನ್ನಾಣೆ ಯಾಕ್ರಿ ಸಾವ್ಕಾರ್ರೇ, ಕಾರಿನ ಆಣೆ ಮಾಡ್ರಿ. ಸುಳ್ಳು ಹೇಳ್ತಿರಾದು ಅದು."

ವಾಮದೇವಪ್ಪನವರಿಗೆ ನಗು ಬರಲಿಲ್ಲ. ದಾವಣಗೆರೆಯ ಬಟ್ಟೆ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ಅವರ ಕೈಯಲ್ಲಿ ಉಳಿದಿದ್ದು ಈ ಸ್ಟೇರಿಂಗ್ ಒಂದೇ. ಮಗ ಕೊಟ್ಟೂರೇಶ್ ಒಳ್ಳೆಯವನೇ, ಆದರೆ ಯಾವುದನ್ನೂ ಕೂಡಲೇ ಬಗೆಹರಿಸಿಬಿಡಬೇಕು ಎನ್ನುವ ಅವಸರದವನು. ಹೋದ ವಾರ ಕಾರು ಕೈಕೊಟ್ಟು ಅಪ್ಪ ಹರಿಹರದ ಮದುವೆಗೆ ಅಕ್ಷತೆ ಹೊತ್ತಿಗೆ ಮುಟ್ಟಲಿಲ್ಲವೆಂದು ತಿಳಿದದ್ದೇ ತಡ, ಕಾರು ಮಾರಿಬಿಡೋಣ, ಭಾನುವಾರ ಗಿರಾಕಿ ಕರೆತರುತ್ತೇನೆ ಎಂದಿದ್ದ. "ಎಲ್ಲಿಗೆ ಹೋಗಾದಿದ್ರೂ ಆಟೋ ಕಳಿಸ್ತೀನಿ ಅಪ್ಪಾಜಿ." ಆಟೋದ ಹಿಂದಿನ ಸೀಟಿನಲ್ಲಿ ಬಟ್ಟೆ ಗಂಟಿನ ಹಾಗೆ ಕೂತ ತಮ್ಮನ್ನು ನೆನೆದರೇ ಅವರಿಗೆ ಸಂಕಟವಾಗುತ್ತಿತ್ತು. ಇವತ್ತಾಗಲೇ ಶುಕ್ರವಾರ.

"ಇದು ನನ್ನ ಮುಂದೆ ಕೆಡಂಗಿಲ್ಲ ಬಿಡ್ರಿ," ಎಂದು ನಿಂಗರಾಜ್ ಕೈ ಒರೆಸಿಕೊಂಡ. "ನಾಳೆ ಮುಂಜಾನೆ ನಾನೇ ಮನೆತಾಕ ಬರ್ತೀನಿ. ಮನೆಗೆ ಹೋಗಿ ನಿಲ್ಸಿದ ಮ್ಯಾಲೆ ಅಲ್ಲಿ ತನಕ ಕೀ ಮುಟ್ಬ್ಯಾಡ್ರಿ."

ಶನಿವಾರ ಅವನು ಬಂದಾಗ ಕಾರು ನಿಜಲಿಂಗಪ್ಪ ಬಡಾವಣೆಯ ಮನೆಯಂಗಳದಲ್ಲಿ, ಗೇಟಿನಿಂದ ಮೆಟ್ಟಿಲವರೆಗೆ ಏರುವ ಸಿಮೆಂಟು ಇಳಿಜಾರಿನ ಮೇಲೆ ಮೂತಿ ಎತ್ತಿ ನಿಂತಿತ್ತು. ಆಯುಧಪೂಜೆ ಮಾಡಿಸಿಕೊಂಡ ವಾಹನ ದೇವರ ಕೋಣೆಗೆ ಬೆನ್ನು ತೋರಿಸಬಾರದು ಎಂಬುದು ವಾಮದೇವಪ್ಪನವರ ಕಟ್ಟಪ್ಪಣೆ. ರಿವರ್ಸಿನಲ್ಲಿ ಒಳಗೆ ತಂದು ನಿಲ್ಲಿಸಲು ಯಾರಿಗೂ ಬಿಟ್ಟವರಲ್ಲ.

ನಿಂಗರಾಜ್ ಕೀ ತಿರುಗಿಸಿದ. ಸೆಲ್ಫ್ ಕಿರ್ ಕಿರ್ ಎಂದು ತಿರುಗಿತೇ ಹೊರತು ಎಂಜಿನ್ ಹಿಡಿಯಲಿಲ್ಲ.

"ಬರ್ಲಿಲ್ಲ! ನೋಡು, ಬರ್ಲಿಲ್ಲ!" ವಾಮದೇವಪ್ಪ ಲಾಟರಿ ಹೊಡೆದವರಂತೆ ಕೂಗಿದರು.

ಬ್ಯಾಟರಿ ನೋಡಿದ್ದಾಯಿತು, ಹೀಟರ್ ಪ್ಲಗ್ ನೋಡಿದ್ದಾಯಿತು, ವೈರು ಎಳೆದು ನೋಡಿದ್ದಾಯಿತು. ಎಲ್ಲ ಸರಿಯಾಗೇ ಇತ್ತು.

"ದಿನಾ ಹಿಂಗೇನ್ರಿ?"

"ದಿನಾ ಆಗಿದ್ರೆ ಚಲೋ ಇತ್ತಲ್ಲೋ! ವಾರದಾಗ ಎರಡು ದಿನ ಗಪ್ಪಂತ ಸ್ಟಾರ್ಟ್ ಆಗ್ತೈತೆ."

"ಯಾವ್ಯಾವ ದಿನ?"

ವಾಮದೇವಪ್ಪ ತಲೆ ಕೆರೆದುಕೊಂಡರು. ಟೀ ತಂದ ಅವರ ಹೆಂಡತಿ ಮರುಳಸಿದ್ದಮ್ಮ ಉತ್ತರ ಕೊಟ್ಟರು. "ನಾನು ಸಂಡಿಗೆ ಹಾಕಿದ ದಿನ, ತಮ್ಮಾ."

"ಸಂಡಿಗೆಗೂ ಡೀಸೆಲಿಗೂ ಏನೇ ಸಂಬಂಧ?" ಎಂದು ಗಂಡ ನಕ್ಕರು.

"ನಂಗೇನ್ ಗೊತ್ತು? ಬಿಸಿಲು ಬೀಳಾದು ಈ ಜಾಗದಾಗ, ನಿಂದ್ರಾದು ನಿಮ್ಮ ಕಾರು. ಹಿಂದಿನ ದಿನ ಸಂಜೀಗೇ ಜಗಳಾಡಿ ರೋಡಿನ್ಯಾಗ ನಿಲ್ಲಿಸ್ತೀನಿ. ಮಾರನೇ ದಿನ ತಕರಾರಿಲ್ದಂಗೆ ಹೋಗ್ತೀರಿ."

ನಿಂಗರಾಜನ ಟೀ ಲೋಟ ತುಟಿಯ ಹತ್ತಿರವೇ ನಿಂತಿತು. "ರೋಡು ಸಪಾಟೈತೆ," ಎಂದು ಗೊಣಗಿದ. "ಇಲ್ಲಿ ಎಂಜಿನ್ ಮ್ಯಾಲೆ, ಟ್ಯಾಂಕ್ ಕೆಳಗೆ." ಬಾನೆಟ್ ಒಳಗೆ ತಲೆ ತೂರಿಸಿ ಡೀಸೆಲ್ ಬರುವ ರಬ್ಬರ್ ಪೈಪನ್ನು ಗೇಣು ಗೇಣಾಗಿ ಹಿಚುಕುತ್ತ ಹೋದ. ಒಂದು ಕಡೆ ಕೂದಲೆಳೆಯಷ್ಟು ಸೀಳು ಬಾಯಿ ಬಿಟ್ಟಿತು.

"ಇಲ್ಲಿ ಗಾಳಿ ಎಳ್ಕಂತೈತೆ. ಏರಿನಾಗ ನಿಲ್ಸಿದ್ರೆ ಡೀಸೆಲ್ ಹಿಂದಕ್ಕಿಳಿದು ಟ್ಯಾಂಕ್ ಸೇರ್ತೈತೆ. ಒಮ್ಮೆ ಸ್ಟಾರ್ಟ್ ಆದ್ರೆ ಮುಗೀತು, ನಮ್ಮ ಗ್ಯಾರೇಜಿಗೆ ಬರಾ ಹೊತ್ತಿಗೆ ಶಾಣ್ಯಾ ಆಗಿರ್ತೈತೆ. ಅಮ್ಮಾರೇ, ನಾಳೆಯಿಂದ ಗ್ಯಾರೇಜ್ ನೀವೇ ನೋಡ್ಕಳ್ರಿ!"

ಮಧ್ಯಾಹ್ನಕ್ಕೆ ಹೊಸ ಪೈಪು ಬಿತ್ತು. ವಾಮದೇವಪ್ಪ ಬೇಕೆಂದೇ ಕಾರನ್ನು ಅದೇ ಏರಿನ ಮೇಲೆ ನಿಲ್ಲಿಸಿದರು.

ಭಾನುವಾರ ಕೊಟ್ಟೂರೇಶ್ ಗಿರಾಕಿ ಹರೀಶನನ್ನು ಕರೆತಂದ. ವಾಮದೇವಪ್ಪ ಕೀ ತಿರುಗಿಸಿದರು. ಎಂಜಿನ್ ಒಂದೇ ಏಟಿಗೆ ಹಿಡಿಯಿತು. 'ಈಗೇನಂತೀಯ?' ಎನ್ನುವಂತೆ ಮಗನತ್ತ ನೋಡಿದರು.

"ಅಬ್ಬಾ, ಇಂಥ ಗಾಡಿ ಎಲ್ಲಿ ಸಿಗ್ತೈತ್ರಿ! ಈಗ್ಲೇ ತಗಂಡು ಹೋಗ್ತೀನಿ," ಎಂದ ಹರೀಶ.

ವಾಮದೇವಪ್ಪನವರ ಮುಖ ಇಳಿದುಹೋಯಿತು. ಇಷ್ಟು ದೂರ ಅವರು ಯೋಚಿಸಿರಲೇ ಇಲ್ಲ. ಹೊರಗಿನವನ ಎದುರು ಮಗನ ಮಾತು ತೆಗೆದುಹಾಕಲು ಬಾಯಿ ಬರಲಿಲ್ಲ. ಕಾರಿನ ಕಾಗದಪತ್ರ ತರುತ್ತೇನೆಂದು ಒಳಗೆ ಹೋದವರು ಬೀರುವಿನ ಮುಂದೆ ಬಹಳ ಹೊತ್ತು ನಿಂತರು.

ಹೊರಗೆ ಬಂದಾಗ ಕಾರಿನ ಹಿಂದಿನ ಚಕ್ರದಿಂದ ಗೇಟಿನವರೆಗೆ ಎರಡು ಹಳೆಯ ಸೀರೆ ಹಾಸಿತ್ತು. ಮರುಳಸಿದ್ದಮ್ಮ ಕುಕ್ಕರುಗಾಲಲ್ಲಿ ಕೂತು ಬಿಸಿ ಹಿಟ್ಟನ್ನು ಚಮಚ ಚಮಚವಾಗಿ ಬಿಡುತ್ತಿದ್ದರು.

"ಅವ್ವಾ, ಕಾರು ಹೊರಗೆ ತೆಗೀಬೇಕು!"

"ಸಂಡಿಗೆ ಒಣಗ್ಲಿ ತಡಿ."

"ಎಷ್ಟೊತ್ತು?"

"ನಾಕು ದಿನ. ಆಮ್ಯಾಲೆ ಹಪ್ಪಳ ಐತೆ. ಅದಾದ ಮ್ಯಾಲೆ ಶಾವಿಗೆ." ಅವರು ತಲೆ ಎತ್ತಲಿಲ್ಲ. "ಕಾರು ಹೋದ್ರೆ ನಾನು ನಿಮ್ಮಪ್ಪನ ಜತೆ ಯಾತಕ್ಕೋಸ್ಕರ ಜಗಳಾಡ್ಲಿ?"

ಕೊಟ್ಟೂರೇಶ್ ಅವ್ವನನ್ನು ನೋಡಿದ. ಕಾಗದಪತ್ರ ಎದೆಗೊತ್ತಿಕೊಂಡು ನಿಂತ ಅಪ್ಪನನ್ನು ನೋಡಿದ. ಅವನಿಗೆ ನಗು ತಡೆಯಲಾಗಲಿಲ್ಲ. "ಬಾರಪ್ಪಾ, ನಿಂಗೆ ಬೇರೆ ಗಾಡಿ ತೋರಿಸ್ತೀನಿ," ಎಂದು ಹರೀಶನ ಹೆಗಲ ಮೇಲೆ ಕೈ ಹಾಕಿದ. ಇಬ್ಬರೂ ಸೀರೆಯ ಅಂಚಿನಲ್ಲಿ ತುದಿಗಾಲಲ್ಲಿ ನಡೆದು ಗೇಟು ದಾಟಿದರು.

ವಾಮದೇವಪ್ಪ ಕಾಗದಪತ್ರಗಳನ್ನು ಒಳಗಿಟ್ಟು, ಮೂಲೆಯಲ್ಲಿದ್ದ ಉದ್ದನೆಯ ಕೋಲು ತಂದರು. ಕಾರಿನ ನೆರಳಿನಲ್ಲಿ ಕೂತು, ಕಾಂಪೌಂಡಿನ ಮೇಲೆ ಬಂದಿಳಿದ ಮೊದಲ ಕಾಗೆಗೆ "ಹುಶ್!" ಎಂದರು.