ಎಳೆಯಲು ಬಂದವನ ಬೆನ್ನು

ಹೆಣ್ಣು ಕೇಳಲು ಬಂದವರು ಕಾಫಿಯನ್ನು ಕುಡಿಯದೆ ಕೆಳಗಿಟ್ಟರೆ ಮರುಭೂಮಿಯ ಅರಬರಾದ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಕೇಳಿದ್ದನ್ನು ಕೊಡುವವರೆಗೆ ತುಟಿಗೆ ಮುಟ್ಟಿಸುವುದಿಲ್ಲ ಅಂತ. ನಾವು "ಕುಡೀರಿ" ಅನ್ನಬೇಕು, ಅವರು ಕುಡಿಯಬೇಕು, ಗುಡಾರದ ಪರದೆಯ ಆಚೆ ಹೆಂಗಸರು ಸಂಭ್ರಮದಿಂದ ಕೇಕೆ ಹಾಕಬೇಕು, ಆಮೇಲೆ ಮಾಂಸದೂಟ. ಎಲ್ಲ ಮೊದಲೇ ಒಪ್ಪಿಗೆಯಾಗಿರುತ್ತದೆ. ಅಷ್ಟು ಹೊತ್ತು ಮುಖ ಬಿಗಿದುಕೊಂಡು ಕೂತರೆ ಸಾಕು.

ಆ ದಿನ ಹಾಜಿ ದೈಫಲ್ಲಾ ನನ್ನೆದುರು ಬಟ್ಟಲು ಕೆಳಗಿಟ್ಟು, ತಮ್ಮ ಮಗ ಫ್ರೈಜನಿಗೆ ನಮ್ಮ ನೋಫಾಳನ್ನು ಕೇಳಿದರು. ನೋಫಾ ನನ್ನ ಅಣ್ಣ ಸಬಾಹನ ಮಗಳು. ಅಣ್ಣ ಹೋದ ಮೇಲೆ ಅವಳ ಪರವಾಗಿ ಮಾತಾಡುವ ಹೊಣೆ ನನ್ನದು. ಬೆಳಿಗ್ಗೆಯೇ ಅವಳು ನನ್ನನ್ನು ಅಡ್ಡಗಟ್ಟಿದ್ದಳು.

"ಚಿಕ್ಕಪ್ಪಾ, ನಂಗೆ ಅವನು ಇಷ್ಟ. ಚಿನ್ನ ಗಿನ್ನ ಏನೂ ಕೇಳ್ಬೇಡ. ಅವನ ಜೀಪಿನ ಮುಂದೆ ಸರಿಯಾದ ಎಳೆಯೋ ಕೊಂಡಿ ಹಾಕಿಸ್ಲಿ. ಅದಾಗೋವರ್ಗೂ ನಿನ್ನ ಬಾಯಿಂದ 'ಕುಡೀರಿ' ಅನ್ನೋ ಮಾತು ಬರಬಾರ್ದು."

"ಹೆಣ್ಣು ಕೇಳೋ ದಿನ ಜೀಪಿನ ಮಾತೇನೇ? ನಮ್ಮ ದೀಸಿ ಊರಿಗೆ ಊರೇ ನಗುತ್ತೆ."

"ನಗ್ಲಿ. ಅಪ್ಪ ಸತ್ತಾಗ ಯಾರೂ ನಗ್ಲಿಲ್ಲ ತಾನೆ?"

ಅಣ್ಣ ಸತ್ತದ್ದು ಉಪಕಾರ ಮಾಡಲು ಹೋಗಿ. ಮರಳಲ್ಲಿ ಹೂತ ಜೀಪನ್ನು ಕಂಡೂ ಕಾಣದಂತೆ ಹೋದವನು ನಮ್ಮಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಅಣ್ಣ ನಿಲ್ಲಿಸಿದ, ಹೂತ ಜೀಪಿನ ಮುಂದಿನ ಕೊಂಡಿಗೆ ಎಳೆಯುವ ಬೆಲ್ಟು ಸಿಕ್ಕಿಸಿದ, ತನ್ನ ಜೀಪಿನಲ್ಲಿ ಕೂತು ಎಳೆದ. ಆ ಕೊಂಡಿ ಎಳೆಯುವುದಕ್ಕೆ ಮಾಡಿದ್ದೇ ಅಲ್ಲ. ಜೀಪುಗಳು ಹಡಗಿನಲ್ಲಿ ಅಕಬಾ ಬಂದರಿಗೆ ಬರುವಾಗ ಅಲೆಗೆ ಜಾರದಿರಲಿ ಎಂದು ಕಟ್ಟಿಡಲು ಹಾಕಿದ ಬಳೆ ಅದು. ನೋಡಲು ದಪ್ಪಗಿದೆ, ಮುಂದೆಯೇ ಇದೆ, ಬೆಲ್ಟು ಸಲೀಸಾಗಿ ಸಿಕ್ಕುತ್ತದೆ. ನಾವೆಲ್ಲ ಅದನ್ನೇ ಕೊಂಡಿ ಅಂದುಕೊಂಡೆವು. ಅದು ಕಿತ್ತು ಬಂದು, ಬಿಗಿದ ಬೆಲ್ಟಿನ ಜೊತೆ ಕವಣೆಕಲ್ಲಿನಂತೆ ಹಾರಿ, ಅಣ್ಣನ ಜೀಪಿನ ಹಿಂದಿನ ಗಾಜು ಒಡೆದು ಅವನ ತಲೆಗೆ ಬಡಿಯಿತು. ಹೂತವನಿಗೆ ಒಂದು ಗೀರೂ ಆಗಲಿಲ್ಲ. ಊರವರು ಹಣೆಬರಹ ಎಂದು ಎದ್ದುಹೋದರು, ಮಾರನೆಯ ದಿನ ಮತ್ತೆ ಅದೇ ಬಳೆಗಳಿಗೇ ಬೆಲ್ಟು ಹಾಕಿದರು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

"ಅಬೂ ಫ್ರೈಜ್, ನಮ್ದೊಂದು ಶರತ್ತಿದೆ" ಎಂದು, ನಮ್ಮ ರೂಢಿಯಂತೆ 'ಫ್ರೈಜನ ಅಪ್ಪ' ಎಂದೇ ಹಾಜಿಯನ್ನು ಕರೆದು, ನಾನು ವಿಷಯ ಹೇಳಿದೆ. ಗುಡಾರದ ತುಂಬ ನಗು. ಹುಡುಗನ ಸೋದರಮಾವನಂತೂ ತೊಡೆ ತಟ್ಟಿಕೊಂಡ.

"ಏನ್ ಮುತ್ಲಕ್, ಗಂಡಿನ ಮುಖ ನೋಡೋದ್ ಬಿಟ್ಟು ಜೀಪಿನ ಮೂತಿ ನೋಡ್ತೀಯಾ?"

ಫ್ರೈಜನ ಮುಖ ಕೆಂಪಾಯಿತು. "ಚಿಕ್ಕಪ್ಪಾ, ಈ ಮರಳಲ್ಲಿ ಎಲ್ಲಾರ್ನೂ ಎಳೆಯೋನೇ ನಾನು. ನಾನು ಹೂತ್ಕೊಳ್ಳೋದು ಯಾವಾಗ್ಲೋ ಒಂದ್ಸಲ. ಆಗ ಕೊಂಡಿ ಕಿತ್ರೆ ಕಿತ್ಲಿ. ನನ್ನ ಜೀಪು, ನನ್ನ ತಲೆ."

"ನಿನ್ನ ತಲೆಗೆ ಏನೂ ಆಗಲ್ಲ ಫ್ರೈಜ್."

ಪರದೆಯ ಆಚೆಯಿಂದ ನೋಫಾಳ ದನಿ. ಹೆಣ್ಣು ಕೇಳುವ ಹೊತ್ತಿಗೆ ಹೆಣ್ಣೇ ಬಾಯಿ ತೆರೆದದ್ದನ್ನು ನಾನು ಕಂಡೇ ಇಲ್ಲ. ನಗು ಅಲ್ಲಲ್ಲೇ ನಿಂತಿತು.

"ಆ ಕೊಂಡಿ ನಿನ್ನ ಕಡೆ ಬರಲ್ಲ. ನಿನ್ನನ್ನ ಎಳೆಯೋಕೆ ಬಂದೋನ ಬೆನ್ನಿಗೆ ಹೋಗುತ್ತೆ. ನೀನು ಹೂತ್ಕೊಂಡ್ರೆ ಯಾರು ಬಂದು ಎಳೀತಾರೆ, ಹೇಳು?"

ಫ್ರೈಜನ ಕಣ್ಣು ಅಪ್ಪನ ಕಡೆ ಹೋಯಿತು.

"ನಾನೇ" ಅಂದರು ಹಾಜಿ. "ಹೋದ ವಾರಾನೂ ನಾನೇ ಎಳೆದೆ."

ಅವರು ಎದ್ದು ಹೊರಗೆ ಹೋದರು. ಜರಿಯಂಚಿನ ಹೊಸ ನಿಲುವಂಗಿಯಲ್ಲೇ ಮರಳ ಮೇಲೆ ಅಂಗಾತ ಮಲಗಿ ಮಗನ ಜೀಪಿನಡಿ ನುಗ್ಗಿದರು. ನಾನೂ ಪಕ್ಕದಲ್ಲಿ ಮಲಗಿ ಫೋನಿನ ದೀಪ ಹಿಡಿದೆ. ತೆಳು ತಗಡು, ಒಂದೇ ಬೋಲ್ಟು. ಬಳೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು, ಅದರೊಳಗೆ ತುಕ್ಕು. ಹಾಜಿ ಅದರ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಹಾಗೇ ಮಲಗಿದ್ದರು.

ಗಡ್ಡದಲ್ಲೆಲ್ಲ ಮರಳು ಮಾಡಿಕೊಂಡು ಅವರು ಮೇಲೆದ್ದಾಗ ನನಗೆ ಅಯ್ಯೋ ಅನ್ನಿಸಿತು. ದೊಡ್ಡ ಮನುಷ್ಯರು, ನೆಂಟರ ಎದುರು ಹೀಗಾಗಬಾರದಿತ್ತು. ಕುಡಿದುಬಿಡಲಿ, ಕೊಂಡಿ ಆಮೇಲೆ ಹಾಕಿಸಿಕೊಂಡರಾಯಿತು ಎಂದು ಬಾಯಿ ತೆರೆದೆ. ಹಾಜಿ ಕೈ ಎತ್ತಿ ತಡೆದರು.

"ಸುಮ್ನಿರು ಮುತ್ಲಕ್. ಈಗ ನೀನು ಕುಡೀರಿ ಅಂದ್ರೂ ನಾನು ಕುಡಿಯಲ್ಲ." ಮಗನ ಕಡೆ ತಿರುಗಿದರು. "ಎಳೆಯೋಕೆ ಬಂದೋನು ನಮ್ಮ ಗುಡಾರಕ್ಕೆ ಬಂದ ಅತಿಥಿ ಇದ್ದಂಗೆ ಕಣೋ. ಅವನ ತಲೆ ಒಡೆಯೋ ಸಾಮಾನನ್ನ ಮುಂದೆ ಕಟ್ಕೊಂಡು ತಿರುಗ್ತಿದ್ಯಲ್ಲೋ! ಇದನ್ನ ಕಿತ್ತು ಸರಿಯಾದ್ದು ಹಾಕಿಸು. ಅಲ್ಲೀವರ್ಗೂ ನಾನು ಈ ಮನೆ ಕಾಫಿ ಮುಟ್ಟಲ್ಲ."

ಬಂದವರು ಉಣ್ಣದೆ ಹೋದರು. ಅಷ್ಟೊಂದು ಮಾಂಸ ಮೊಸರು ತಿಂದು ತಿಂದು ನಮಗೇ ಸಾಕಾಯಿತು. ಸಂಬಂಧ ಮುರಿಯಿತಂತೆ ಎಂದು ಊರು ಆಡಿಕೊಂಡಿತು. ನೋಫಾ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಫ್ರೈಜ್ ನನ್ನನ್ನೇ ಅಕಬಾಕ್ಕೆ ಕರೆದೊಯ್ದ. ಅಂಗಡಿಯವನು ಫಳಫಳ ಹೊಳೆಯುವ ಕೆಂಪು ಕೊಂಡಿಗಳನ್ನು ಮುಂದೆ ಸುರಿದ. ನನಗಂತೂ ನೋಡಿದ ಕೂಡಲೇ ಹಿಡಿಸಿತು.

"ಇದು ಎಲ್ಲಿ ಕೂರುತ್ತೆ?" ಎಂದ ಫ್ರೈಜ್.

"ಬಂಪರಿಗೆ. ಬಹಳ ಗಟ್ಟಿ."

"ಕೊಂಡಿ ಗಟ್ಟಿ ಇದ್ರೆ ಏನ್ ಬಂತು? ಬಂಪರನ್ನೇ ಕಿತ್ಕೊಂಡು ಹಾರುತ್ತೆ. ಜೀಪಿನ ಅಡಿಯ ಚೌಕಟ್ಟು, ಆ ಚಾಸಿಗೇ ಕೂರೋದು ತೋರ್ಸು. ನನ್ನ ಜೀಪಿಗೇ ಅಂತ ಮಾಡಿರ್ಬೇಕು, ಎಷ್ಟು ಭಾರ ತಡೆಯುತ್ತೆ ಅಂತ ಮೇಲೆ ಅಚ್ಚು ಹಾಕಿರ್ಬೇಕು. ಎಡಕ್ಕೊಂದು, ಬಲಕ್ಕೊಂದು. ಬೋಲ್ಟೂ ಅದರ ಜೊತೆಗೇ ಬಂದಿರ್ಬೇಕು."

ಅಂಗಡಿಯವನು ಗೊಣಗಿದ, ಸಿಗುವುದಿಲ್ಲ ಎಂದ. ಫ್ರೈಜ್ ಬೀದಿಯ ಈ ತುದಿಯಿಂದ ಆ ತುದಿಗೆ ಅಲೆದ. ನನ್ನ ಕಾಲು ಬಿದ್ದುಹೋಯಿತು, ಅವನು ಮಾತ್ರ ಬಿಡಲಿಲ್ಲ. ಕೊನೆಗೆ ಹೇಳಿ ತರಿಸಿ ಹಾಕಿಸಿಕೊಂಡ. ಹಳೆಯ ಬಳೆಗಳನ್ನು ಮತ್ತೆ ಯಾರೂ ಬೆಲ್ಟು ಸಿಕ್ಕಿಸದ ಹಾಗೆ ತಾನೇ ಕೊಯ್ದು ತೆಗೆದ.

ಅದೇ ನೆಂಟರು ಮತ್ತೆ ಬಂದರು. ನೋಫಾ ಹಟ ಹಿಡಿದಿದ್ದಳು, ಎಳೆದು ನೋಡಿಯೇ ಕಾಫಿ ಎಂದು. ಫ್ರೈಜ್ ಬೇಕೆಂದೇ ತನ್ನ ಜೀಪನ್ನು ಹೊಟ್ಟೆಯವರೆಗೆ ಮರಳಲ್ಲಿ ಹೂತ. ಎರಡೂ ಕೊಂಡಿಗಳಿಗೆ ಒಂದು ಪಟ್ಟಿ ಹಾಯಿಸಿ, ಭಾರ ಎರಡಕ್ಕೂ ಹಂಚುವಂತೆ ಮಾಡಿ, ಅದಕ್ಕೆ ಬೆಲ್ಟು ಸೇರಿಸಿದ. ಕಿತ್ತರೂ ಹಾರದಿರಲೆಂದು ಬೆಲ್ಟಿನ ಮೇಲೆ ದಪ್ಪ ಕಂಬಳಿ ಹಾಕಿ ಜನರನ್ನೆಲ್ಲ ದೂರ ಅಟ್ಟಿದ. ಎಳೆಯುವ ಜೀಪು ಅಣ್ಣನದೇ, ಗಾಜು ಮಾತ್ರ ಹೊಸದು. ಹಾಜಿ ಬೀಗದ ಕೈಗೆ ಕೈ ಚಾಚಿದರು. ನಾನು ಕಿತ್ತುಕೊಂಡೆ.

"ಇದು ನಮ್ಮನೆ ಜಾಗ, ಅಬೂ ಫ್ರೈಜ್. ನಾನೇ ಕೂರ್ತೀನಿ."

ಕೂತೆ. ಅಣ್ಣ ಕೂತಿದ್ದ ಅದೇ ಸೀಟು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಬೆಲ್ಟು ಬಿಗಿಯುತ್ತ ಬಂದಾಗ ಬೆನ್ನು ತಣ್ಣಗಾಯಿತು. ಹಲ್ಲು ಕಚ್ಚಿ ಕಾಲು ಒತ್ತಿದೆ. ನನ್ನ ಜೀಪು ಒಮ್ಮೆ ಜಗ್ಗಿ ನಿಂತಿತು, ನರಳಿತು, ಮತ್ತೆ ಮುಂದೆ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಫ್ರೈಜನ ಜೀಪು ಮರಳು ಸುರಿಸುತ್ತ ನನ್ನ ಹಿಂದೆಯೇ ಬರುತ್ತಿತ್ತು.

ನಾನು ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡು ಅಣ್ಣನಿಗಾಗಿ ಅತ್ತೆ, ಅವನನ್ನು ಮಣ್ಣು ಮಾಡಿದ ದಿನವೂ ನಾನು ಅಷ್ಟು ಅತ್ತಿರಲಿಲ್ಲ. ನೋಫಾ ಪರದೆ ದಾಟಿ, ಗಂಡಸರ ನಡುವೆಯೇ ನಡೆದು ಬಂದಳು. ಹಿಂದಿನ ಗಾಜಿನ ಮೇಲೆ ಅಂಗೈ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನಕ್ಕೆ ಸವರಿದಳು. ಆಮೇಲೆ ನನ್ನ ಕಿಟಕಿಯ ಹತ್ತಿರ ಬಂದಳು.

"ಈಗ ಹೇಳು ಚಿಕ್ಕಪ್ಪಾ."

ನಾನು ಕಣ್ಣೊರೆಸಿಕೊಂಡು ಗುಡಾರದ ಕಡೆ ಕೂಗಿದೆ: "ಅಬೂ ಫ್ರೈಜ್, ಕುಡೀರಿ!"